ಬೋರ್‌ವೆಲ್ ನೀರು, ಹಲ್ಲಿನ ಕಲೆ, ಬಳಪ ತಿನ್ನುವ ಬಯಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ನೆಲದೊಳಗಿನ ಕಲ್ಲು, ಮಣ್ಣು, ನೀರಿಗೂ ನಮ್ಮ ಆರೋಗ್ಯಕ್ಕೂ ಏನು ನಂಟು ಅಂತ ಕೇಳಿ ಈ ಸಲ ತುಂಬಾ ಪತ್ರಗಳು ಬಂದಿವೆ. ಹೆಚ್ಚಿನವು ಬೋರ್‌ವೆಲ್ ನೀರಿನ ಬಗ್ಗೆಯೇ. ಹಾಗಾಗಿ ಮೊದಲ ಪ್ರಶ್ನೆಗೆ ಉದ್ದವಾಗಿಯೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮಗಳಿಗೆ ಎಂಟು ವರ್ಷ. ಹಾಲುಹಲ್ಲು ಬಿದ್ದು ಬಂದ ಹೊಸ ಹಲ್ಲುಗಳ ಮೇಲೆ ಬಿಳಿ ಗೆರೆ, ಅಲ್ಲಲ್ಲಿ ಕಂದು ಕಲೆ. ಹಲ್ಲಿನ ಡಾಕ್ಟರು ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರಬೇಕು ಅಂದರು. ನಮ್ಮದು 700 ಅಡಿ ಬೋರು. ನೀರು ತಿಳಿಯಾಗಿದೆ, ರುಚಿಯೂ ಚೆನ್ನಾಗಿದೆ. ನಮ್ಮ ತಾತ ಇದೇ ಹೊಲದ ಬಾವಿ ನೀರು ಕುಡಿದವರು, ಅವರ ಹಲ್ಲಿಗೆ ಏನೂ ಆಗಿರಲಿಲ್ಲ. ನೀರು ಕುದಿಸಿ ಕುಡಿದರೆ ಸಾಕಾ? (ಪಾವಗಡ ತಾಲ್ಲೂಕಿನ ಓದುಗರು)

ಉತ್ತರ: ಕುದಿಸಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನೂ ದಟ್ಟವಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್, ತಾಮ್ರದ ಕೊಡ, ಬಟ್ಟೆಯಲ್ಲಿ ಸೋಸುವುದು, ಇವು ಯಾವುದರಿಂದಲೂ ಪ್ರಯೋಜನವಿಲ್ಲ. ಫ್ಲೋರೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ನಮ್ಮ ನೀರಿನಲ್ಲಿರುವಷ್ಟಕ್ಕೆ ರುಚಿಯೂ ಇಲ್ಲ. ನೀರು ತಿಳಿಯಾಗಿದೆ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ.

ಈಗ ತಾತನ ಬಾವಿ ವಿಷಯಕ್ಕೆ ಬರೋಣ. ನಿಮ್ಮ ಕಡೆ ನೆಲದಡಿ ಇರುವುದು ಹಳೇ ಗ್ರಾನೈಟ್ ಮತ್ತು 'ನೈಸ್' (gneiss) ಅನ್ನುವ ಪಟ್ಟೆ ಪಟ್ಟೆಯ ಕಲ್ಲು. ಆ ಕಲ್ಲಿನ ಕಪ್ಪು ಅಭ್ರಕದಲ್ಲಿ, ಅಪಟೈಟ್, ಫ್ಲೋರೈಟ್ ಅನ್ನುವ ಖನಿಜಗಳಲ್ಲಿ ಫ್ಲೋರಿನ್ ಅಂಶ ಸೇರಿಕೊಂಡಿರುತ್ತದೆ. ತಾತನ ಬಾವಿಯಲ್ಲಿದ್ದದ್ದು ಮೇಲಿನ ಮಣ್ಣಿನಿಂದ, ಶಿಥಿಲವಾದ ಕಲ್ಲಿನಿಂದ ಬಸಿದು ಬಂದ, ಒಂದೆರಡು ಮಳೆಗಾಲದ ಹಿಂದಿನ ನೀರು. ಕಲ್ಲಿನ ಜೊತೆ ಅದರ ಒಡನಾಟ ಕಡಿಮೆ. 700 ಅಡಿಯಲ್ಲಿ ಕಲ್ಲಿನ ಬಿರುಕುಗಳೊಳಗೆ ಸಿಕ್ಕಿಕೊಂಡಿರುವ ನೀರು ಬಹಳ ಕಾಲದಿಂದ ಅಲ್ಲೇ ಇರುತ್ತದೆ, ಕಲ್ಲನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತಾ ಇರುತ್ತದೆ. ಹೊಲ ಅದೇ, ಆದರೆ ತಾತ ಕುಡಿದ ನೀರೇ ಬೇರೆ, ನೀವು ಕುಡಿಯುತ್ತಿರುವ ನೀರೇ ಬೇರೆ.

ಇನ್ನೊಂದು ಸಂಗತಿ ಇದೆ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ನೀರಿನಲ್ಲಿ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆ ಇದ್ದು, ಸೋಡಿಯಂ ಬೈಕಾರ್ಬೊನೇಟ್ ಜಾಸ್ತಿ ಇರುವ ಸ್ವಲ್ಪ ಕ್ಷಾರ ಗುಣದ ನೀರಿನಲ್ಲಿ ಫ್ಲೋರೈಡ್ ಕರಗಿಯೇ ಉಳಿಯುತ್ತದೆ. ಹಾಗಾಗಿ ಸೋಪು ಚೆನ್ನಾಗಿ ನೊರೆ ಬರುವ, 'ಒಳ್ಳೆ ನೀರು' ಅಂತ ಊರವರೆಲ್ಲಾ ಹೊಗಳುವ ಬೋರಿನಲ್ಲೇ ಫ್ಲೋರೈಡ್ ಹೆಚ್ಚಿರಬಹುದು. ಹಾಗಂತ ಗಡಸು ನೀರೆಲ್ಲಾ ಕ್ಷೇಮ ಅಂತಲೂ ಅಲ್ಲ, ಎರಡೂ ಕೆಟ್ಟದಾಗಿರುವ ಬೋರುಗಳೂ ಇವೆ. ಪರೀಕ್ಷೆ ಮಾಡಿಸದೆ ಬೇರೆ ದಾರಿ ಇಲ್ಲ.

ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 1.5 ತನಕ ಒಪ್ಪಬಹುದು, ಅದರಾಚೆ ಬೇಡ. ಪರೀಕ್ಷೆಗೆ ನೀರು ಹಿಡಿಯುವಾಗ ಹತ್ತು ನಿಮಿಷ ಮೋಟಾರ್ ಓಡಲು ಬಿಡಿ. ಒಂದು ಲೀಟರಿನ ಶುಭ್ರ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಿ. ಗಾಜಿನ ಬಾಟಲಿ ಬೇಡ. ಹೆಸರು, ಊರು, ಬೋರಿನ ಆಳ, ತಾರೀಕು ಬರೆದು ಅಂಟಿಸಿ. ಜಿಲ್ಲೆಯಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ನೀರು ಪರೀಕ್ಷಾ ಪ್ರಯೋಗಾಲಯ ಇದೆ, ಅಲ್ಲಿಗೆ ಕೊಡಿ. ಪಂಚಾಯಿತಿಯಲ್ಲಿ ಬಣ್ಣ ನೋಡಿ ಹೇಳುವ ಪರೀಕ್ಷಾ ಕಿಟ್ ಇದ್ದರೆ ಅದರಿಂದಲೂ ಒಂದು ಅಂದಾಜು ಸಿಗುತ್ತದೆ. ಬೋರು ಕೊರೆಸಲು ಲಕ್ಷಗಟ್ಟಲೆ ಸಾಲ ಮಾಡುತ್ತೇವೆ, ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರಿಗೂ ದುಡ್ಡು ಕೊಡುತ್ತೇವೆ, ಕೊನೆಗೆ ಒಂದು ಬಾಟಲಿ ನೀರು ಪರೀಕ್ಷೆಗೆ ಕಳಿಸುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಮಗಳ ಹಲ್ಲಿನ ಮೇಲೆ ಈಗಾಗಲೇ ಆದ ಕಲೆ ತಾನಾಗಿ ಹೋಗುವುದಿಲ್ಲ. ಹಲ್ಲು ಇನ್ನೂ ವಸಡಿನೊಳಗೆ ಬೆಳೆಯುತ್ತಿದ್ದಾಗಲೇ ಎನಾಮೆಲ್ ಸರಿಯಾಗಿ ಗಟ್ಟಿಯಾಗದೆ ಉಳಿದದ್ದರ ಗುರುತು ಅದು, ಉಜ್ಜಿದರೆ ಹೋಗುವ ಕೊಳೆಯಲ್ಲ. ದೊಡ್ಡವಳಾದ ಮೇಲೆ ದಂತವೈದ್ಯರು ಅದನ್ನು ಮರೆಮಾಡಬಲ್ಲರು. ದಯವಿಟ್ಟು ಮಗುವಿಗೆ 'ಸರಿಯಾಗಿ ಹಲ್ಲುಜ್ಜಲ್ಲ' ಅಂತ ಬೈಯಬೇಡಿ. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಇವತ್ತಿನಿಂದಲೇ ಅದರ ನೀರು ಬದಲಿಸಿ. ಬಾಯಿಯ ಮುಂಭಾಗದಲ್ಲಿ ಕಾಣುವ ಹಲ್ಲುಗಳಿಗೆ ಎಂಟು ವರ್ಷದೊಳಗಿನ ಕಾಲವೇ ಅಪಾಯದ ಕಾಲ.

ಬದಲಿ ನೀರು ಯಾವುದು? ನದಿ ನೀರಿನ ನಲ್ಲಿ ಊರಿಗೆ ಬಂದಿದ್ದರೆ ಅದೇ ಮೊದಲು. ಇಲ್ಲದಿದ್ದರೆ ಮಳೆ ನೀರು. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಲೆಕ್ಕ ನೋಡಿ: 30 ಚದರ ಮೀಟರ್ ಆರ್‌ಸಿಸಿ ತಾರಸಿ, ವರ್ಷಕ್ಕೆ 500 ಮಿಲಿಮೀಟರ್ ಮಳೆ ಅಂದುಕೊಳ್ಳಿ, ಬೀಳುವುದು 15,000 ಲೀಟರ್. ಸೋರಿ, ಚೆಲ್ಲಿ ಹೋಗಿ 12,000 ಕೈಗೆ ಸಿಗುತ್ತದೆ. ಐದು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಅಂದರೂ ವರ್ಷಕ್ಕೆ 9,125 ಲೀಟರ್ ಸಾಕು. ತೊಟ್ಟಿ ದೊಡ್ಡದು ಬೇಕು, ಮುಚ್ಚಳ ಭದ್ರ ಇರಬೇಕು, ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು. ಬರಗಾಲದ ವರ್ಷ ಈ ಲೆಕ್ಕ ಸಾಲುವುದಿಲ್ಲ, ಆಗ ಶುದ್ಧ ನೀರಿನ ಘಟಕದ ಆಸರೆ ಬೇಕೇ ಬೇಕು. ಮಳೆ ನೀರನ್ನು ಬೇಕಾದರೆ ಧಾರಾಳವಾಗಿ ಕುದಿಸಿ ಕುಡಿಯಿರಿ, ಅಲ್ಲಿ ಕುದಿಸುವುದು ಒಳ್ಳೆಯದೇ.

ಪ್ರಶ್ನೆ: ಅಮ್ಮನಿಗೆ 56 ವರ್ಷ. ಸೊಂಟ, ಕತ್ತು ಮರಗಟ್ಟಿದ ಹಾಗೆ ಬಿಗಿ. ನೆಲದ ಮೇಲೆ ಕೂತರೆ ಏಳಲಾಗುವುದಿಲ್ಲ. ವಾತ ಅಂತ ಹತ್ತು ಕಡೆ ಔಷಧಿ ತಂದೆವು. ಇದೂ ನೀರಿನದ್ದೇ ಇರಬಹುದಾ? (ಮುಂಡರಗಿ ಕಡೆಯ ಓದುಗರು)

ಉತ್ತರ: ಇರಬಹುದು. ನಿಮ್ಮ ಸೀಮೆಯಲ್ಲಿ ಫ್ಲೋರೈಡ್ ತೊಂದರೆ ಹಳೆಯದು. ಮನೆಯಲ್ಲೇ ಮೂರು ಪರೀಕ್ಷೆ ಮಾಡಿ ನೋಡಿ. ಅಮ್ಮ ಮೊಣಕಾಲು ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಬಲ್ಲರೇ? ಗದ್ದವನ್ನು ಎದೆಗೆ ತಾಗಿಸಬಲ್ಲರೇ? ಎರಡೂ ಕೈ ಎತ್ತಿ ತಲೆಯ ಹಿಂದೆ ಬೆರಳು ಹೆಣೆಯಬಲ್ಲರೇ? ಮೂರೂ ಕಷ್ಟ, ಜೊತೆಗೆ ಅದೇ ನೀರು ಕುಡಿದ ಅಕ್ಕಪಕ್ಕದವರಲ್ಲೂ ಇದೇ ದೂರು ಅಂದರೆ ಮೂಳೆಯ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಬರುವ ಕಾಯಿಲೆ, ಎಂದು ಅನುಮಾನಿಸಬೇಕು. ಇದೊಂದರಿಂದಲೇ ತೀರ್ಮಾನ ಆಗುವುದಿಲ್ಲ. ಮುಂದೋಳಿನ ಎಕ್ಸ್‌ರೇ ತೆಗೆಸಿ. ಅಲ್ಲಿ ಎರಡು ಮೂಳೆಗಳ ನಡುವೆ ಒಂದು ತೆಳು ಪೊರೆ ಇರುತ್ತದೆ. ಫ್ಲೋರೋಸಿಸ್ ಆಗಿದ್ದರೆ ಆ ಪೊರೆಯೂ ಮೂಳೆಯಂತೆ ಗಟ್ಟಿಯಾಗಿ, ಬಿಳಿಯಾಗಿ ಕಾಣುತ್ತದೆ. ಮೂತ್ರದಲ್ಲಿ, ಕುಡಿಯುವ ನೀರಿನಲ್ಲಿ ಎಷ್ಟು ಫ್ಲೋರೈಡ್ ಇದೆ ಅಂತಲೂ ಪರೀಕ್ಷಿಸಬೇಕು.

ಇದನ್ನು ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಇದೆ ಅಂದವರಿಗೆ ದುಡ್ಡು ಕೊಡಬೇಡಿ. ಆದರೆ ನೀರು ಬದಲಿಸಿದರೆ ಕಾಯಿಲೆ ಮುಂದುವರಿಯುವುದು ನಿಲ್ಲುತ್ತದೆ, ತಿಂಗಳುಗಳು ಕಳೆದಂತೆ ಹಲವರಲ್ಲಿ ನೋವೂ ತಗ್ಗುತ್ತದೆ. ಮೂಳೆಯಲ್ಲಿ ಸೇರಿದ್ದು ವರ್ಷಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ಕಾಲು ಜೋಮು ಹಿಡಿಯುವುದು, ನಡೆಯುವಾಗ ತಡವರಿಸುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಬೆನ್ನುಹುರಿಗೆ ಒತ್ತಡ ಬಿದ್ದಿದೆ ಅಂತ ಅರ್ಥ. ಆಗ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಊಟದ ಬಗ್ಗೆಯೂ ಕೇಳಿದ್ದೀರಿ. ಕ್ಯಾಲ್ಸಿಯಂ ಕಡಿಮೆ ಇರುವ ದೇಹದಲ್ಲಿ ಫ್ಲೋರೈಡ್ ಹೆಚ್ಚು ಹಾನಿ ಮಾಡುತ್ತದೆ. ಬಡವರ ಮನೆ ಮಕ್ಕಳಲ್ಲಿ ಮೊಣಕಾಲು ಒಳಕ್ಕೆ ಬಾಗುವುದು ಹೆಚ್ಚಾಗಿ ಕಾಣುವುದು ಇದಕ್ಕೇ. ರಾಗಿ, ಎಳ್ಳು, ನುಗ್ಗೆಸೊಪ್ಪು, ಹಾಲು, ಮಜ್ಜಿಗೆ ಜಾಸ್ತಿ ಮಾಡಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ನಿಮ್ಮ ಕಡೆ ಜೋಳದ ರೊಟ್ಟಿಯೇ ಊಟ ಅಂತ ಗೊತ್ತು, ಬಿಡಬೇಡಿ, ಜೊತೆಗೆ ಮೊಸರು ಇರಲಿ. ಹುಣಸೆಹಣ್ಣಿನ ಬಗ್ಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಶಾಲಾ ಹುಡುಗರ ಮೇಲೆ ಅಧ್ಯಯನ ಮಾಡಿದ್ದರು. ದಿನಕ್ಕೆ 10 ಗ್ರಾಂ ತಿಂದಾಗ ಮೂತ್ರದಲ್ಲಿ ಹೆಚ್ಚು ಫ್ಲೋರೈಡ್ ಹೊರಹೋಗಿತ್ತು. ಅಷ್ಟಕ್ಕೇ ಹುಣಸೆಯನ್ನೇ ಔಷಧಿ ಮಾಡಿಕೊಳ್ಳಬೇಡಿ, ಸಾರಿಗೆ ಹಾಕಿ ಊಟ ಮಾಡಿ, ಅಷ್ಟು ಸಾಕು. ಟೀ ಮಾತ್ರ ಕಡಿಮೆ ಮಾಡಿ. ಟೀ ಎಲೆಯಲ್ಲೇ ಫ್ಲೋರೈಡ್ ಇರುತ್ತದೆ, ಅದನ್ನು ಫ್ಲೋರೈಡ್ ನೀರಿನಲ್ಲೇ ಕುದಿಸಿದರೆ ಎರಡೂ ಸೇರುತ್ತದೆ.

ಪ್ರಶ್ನೆ: ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ಕುಡಿಯಲು ಆ ನೀರು, ಅಡುಗೆಗೆ ಬೋರಿನ ನೀರು. ಇಷ್ಟು ಸಾಕಲ್ವಾ? ಆರ್‌ಒ ನೀರು ಕುಡಿದರೆ ಮೂಳೆ ಸವೆಯುತ್ತೆ ಅಂತಾರೆ, ನಿಜವಾ? (ಬಾಗೇಪಲ್ಲಿ)

ಉತ್ತರ: ಸಾಕಾಗುವುದಿಲ್ಲ. ಅನ್ನ, ಮುದ್ದೆ, ಬೇಳೆ ಎಲ್ಲವೂ ನೀರು ಹೀರಿಕೊಂಡೇ ಬೇಯುತ್ತವೆ. ಸಾರು ಕುದಿದು ಇಂಗುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ಅಡುಗೆಗೂ ಕ್ಯಾನ್ ನೀರನ್ನೇ ಬಳಸಿ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬೋರಿನ ನೀರು ಬಳಸಬಹುದು, ಚರ್ಮದ ಮೂಲಕ ಅದು ಒಳಗೆ ಹೋಗುವುದಿಲ್ಲ.

ಮೂಳೆ ಸವೆಯುವ ಮಾತು ಬಿಡಿ. ನಮಗೆ ಬೇಕಾದ ಖನಿಜಾಂಶದ ಬಹುಪಾಲು ಊಟದಿಂದ ಬರುತ್ತದೆ. ಫ್ಲೋರೈಡ್ ಇರುವ ಊರಿನಲ್ಲಿ ಆರ್‌ಒ ಬಿಟ್ಟು ಬೋರಿನ ನೀರು ಕುಡಿದರೆ ಮೂಳೆ ಹಾಳಾಗುವ ಅಪಾಯವೇ ಹೆಚ್ಚು.

ನನ್ನ ಚಿಂತೆ ಬೇರೆ. ಘಟಕದಲ್ಲಿ ನೀರು ಸೋಸುವ ಪೊರೆ (ಮೆಂಬ್ರೇನ್) ಹಳೆಯದಾದರೆ ಫ್ಲೋರೈಡ್ ಸೋರಿ ಬರುತ್ತದೆ, ನಾಣ್ಯ ಹಾಕಿದರೆ ನೀರು ಮಾತ್ರ ಬರುತ್ತಲೇ ಇರುತ್ತದೆ. ಆಪರೇಟರ್ ಟಿಡಿಎಸ್ ಮೀಟರ್ ಅದ್ದಿ 'ನೋಡಿ, 80 ಇದೆ' ಅಂತ ತೋರಿಸುತ್ತಾರೆ. ಆ ಮೀಟರ್ ಅಳೆಯುವುದು ಕರಗಿದ ಲವಣಗಳ ಒಟ್ಟು ಮೊತ್ತವನ್ನು, ಫ್ಲೋರೈಡನ್ನಲ್ಲ. ಒಟ್ಟು 80ರಲ್ಲಿ ಫ್ಲೋರೈಡ್ 2 ಮಿಲಿಗ್ರಾಂ ಇದ್ದರೂ ಅದರಲ್ಲಿ ತಿಳಿಯುವುದಿಲ್ಲ. ಘಟಕದಿಂದ ಬರುವ ನೀರನ್ನೇ ಆರು ತಿಂಗಳಿಗೊಮ್ಮೆ ಫ್ಲೋರೈಡ್ ಪರೀಕ್ಷೆಗೆ ಕಳಿಸಿ ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಫಲಿತಾಂಶವನ್ನು ಘಟಕದ ಗೋಡೆ ಮೇಲೆ ಅಂಟಿಸಲು ಹೇಳಿ. ಮತ್ತೆ, ಘಟಕದಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಇನ್ನೂ ದಟ್ಟವಾಗಿರುತ್ತದೆ. ಅದನ್ನು ದನದ ತೊಟ್ಟಿಗೆ ಬಿಡಬಾರದು, ಇಂಗುಗುಂಡಿಗೆ ಬಿಟ್ಟು ವಾಪಸ್ ಬೋರಿಗೆ ಸೇರಿಸಲೂಬಾರದು. ಎರಡೂ ಹಳ್ಳಿಗಳಲ್ಲಿ ನಡೆಯುತ್ತಿದೆ.

ಪ್ರಶ್ನೆ: ನಮ್ಮ ಎತ್ತು ಕುಂಟುತ್ತಿದೆ, ಗೊರಸಿನಲ್ಲಿ ಗಾಯ ಇಲ್ಲ. ಮನೆಯಲ್ಲೇ ಹುಟ್ಟಿದ ಕರು, ಈಗ ಐದು ವರ್ಷ, ಹಲ್ಲು ಕಂದಾಗಿ ಸವೆದಿವೆ. ಹಸು ಒಂದು ಸಿಕ್ಕಿದ ಮೂಳೆ, ಮಣ್ಣು ಎಲ್ಲಾ ಜಗಿಯುತ್ತದೆ. ಹಾಲು ಕುಡಿಯಬಹುದಾ? (ಶಿರಾ ತಾಲ್ಲೂಕಿನ ರೈತರು)

ಉತ್ತರ: ಹಾಲು ಕುಡಿಯಬಹುದು. ಹಸು ಕುಡಿದ ಫ್ಲೋರೈಡ್ ಅದರ ಮೂಳೆಗೆ ಸೇರುತ್ತದೆ, ಹಾಲಿಗೆ ಬರುವುದು ತೀರಾ ಕಡಿಮೆ.

ನಿಮ್ಮ ಎತ್ತಿನ ಹಲ್ಲು ನೋಡಿದರೆ ಫ್ಲೋರೋಸಿಸ್ ಅಂತಲೇ ತೋರುತ್ತದೆ. ದನದ ಶಾಶ್ವತ ಹಲ್ಲುಗಳು ರೂಪುಗೊಳ್ಳುವುದು ಮೊದಲ ನಾಲ್ಕೈದು ವರ್ಷದಲ್ಲಿ, ಆಗ ಕುಡಿದ ನೀರಿನ ಗುರುತು ಅಲ್ಲಿ ಉಳಿಯುತ್ತದೆ. ದೊಡ್ಡದಾದ ಮೇಲೆ ಸಂತೆಯಿಂದ ತಂದ ಎತ್ತಿನ ಹಲ್ಲು ಚೆನ್ನಾಗಿದ್ದು ಮೂಳೆ ಮಾತ್ರ ಕೆಡಬಹುದು. ದನ ದಿನಕ್ಕೆ 40, 50 ಲೀಟರ್ ನೀರು ಕುಡಿಯುತ್ತದೆ. ಮನುಷ್ಯರಿಗಿಂತ ಮೊದಲೇ ಅದರಲ್ಲಿ ತೊಂದರೆ ಕಂಡರೆ ಆಶ್ಚರ್ಯವಿಲ್ಲ. ಭಾರತದಲ್ಲಿ ಮನುಷ್ಯರ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಿಂದ. ಅಲ್ಲಿನ ರೈತರು ಅದಕ್ಕೂ ಮುಂಚೆ ಉಳುವ ಎತ್ತುಗಳು ಕೀಲು ಬಿಗಿದು ನಡೆಯಲಾಗದೆ ನಿಲ್ಲುವುದನ್ನು ಕಂಡಿದ್ದರು. ನಿಮ್ಮ ಎತ್ತು ಕುಂಟಿದರೆ ನಿಮ್ಮ ಮನೆ ನೀರನ್ನೂ ಪರೀಕ್ಷೆ ಮಾಡಿಸಿ ಅಂತ ನಾನು ಹೇಳುವುದು ಅದಕ್ಕೇ.

ಕೃಷಿ ಹೊಂಡ ಇದ್ದರೆ ಆ ನೀರು ಕುಡಿಸಿ. ಎಲ್ಲಾ ದನಕ್ಕೂ ಸಾಲದಿದ್ದರೆ ಕರು, ಪಡ್ಡೆಗಳಿಗೆ ಮೊದಲು. ಹೊಂಡದ ಸುತ್ತ ಬೇಲಿ ಇರಲಿ.

ಮೂಳೆ ಜಗಿಯುವುದು ಬೇರೆ ಕತೆ. ಅದು ಸಾಮಾನ್ಯವಾಗಿ ರಂಜಕದ ಕೊರತೆ. ನೆಲದಲ್ಲಿ ರಂಜಕ ಕಡಿಮೆ, ಅಲ್ಲಿ ಬೆಳೆದ ಹುಲ್ಲಿನಲ್ಲೂ ಕಡಿಮೆ, ಬೇಸಿಗೆಯ ಒಣ ಮೇವಿನಲ್ಲಿ ಇನ್ನೂ ಕಡಿಮೆ. ಸತ್ತ ಪ್ರಾಣಿಯ ಮೂಳೆಯಲ್ಲಿ ಬೊಟುಲಿಸಂ ವಿಷ ಇರಬಹುದು. ಅದು ತಗುಲಿದರೆ ದನ ನಿತ್ರಾಣವಾಗಿ ಮಲಗಿ ಒಂದೆರಡು ದಿನದಲ್ಲೇ ಸಾಯಬಹುದು. ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿ, ಹಾಲು ಜಾಸ್ತಿ ಕೊಡುವುದಾದರೆ ಪಶುವೈದ್ಯರನ್ನು ಕೇಳಿ ಹೆಚ್ಚಿಸಿ. ರಂಜಕ ಬೇಕು ಅಂತ ಗೊಬ್ಬರದ ಅಂಗಡಿಯ ರಾಕ್ ಫಾಸ್ಫೇಟ್ ತಂದು ಹಿಂಡಿಗೆ ಬೆರೆಸುವವರಿದ್ದಾರೆ. ದಯವಿಟ್ಟು ಬೇಡ. ಆ ಕಲ್ಲಿನ ಪುಡಿಯಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ಫ್ಲೋರಿನ್ನೇ ಇರುತ್ತದೆ. ಪಶು ಆಹಾರಕ್ಕೆಂದೇ ಮಾಡಿದ ಮಿಶ್ರಣ ಮಾತ್ರ ಕೊಡಿ.

ಪ್ರಶ್ನೆ: ಸೊಸೆ ಐದು ತಿಂಗಳ ಬಸುರಿ. ಕದ್ದು ಬಳಪ ತಿನ್ನುತ್ತಾಳೆ, ಕೆಮ್ಮಣ್ಣೂ ತಿನ್ನುತ್ತಾಳೆ. ಬಯಕೆ ಅಂತ ಬಿಡಬಹುದಾ? (ದಾವಣಗೆರೆ)

ಉತ್ತರ: ಬಿಡಬೇಡಿ, ಬೈಯಲೂಬೇಡಿ. ಮಣ್ಣು, ಬಳಪ, ಅಕ್ಕಿ ತಿನ್ನಬೇಕು ಅನ್ನಿಸುವುದು ಬಹಳ ಸಲ ರಕ್ತಹೀನತೆಯ ಗುರುತು. ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಬಸುರಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ. ಬಳಪದಲ್ಲಿ ಕ್ಯಾಲ್ಸಿಯಂ ಇದೆ, ಒಳ್ಳೆಯದೇ ಅನ್ನುವ ನಂಬಿಕೆ ನಮ್ಮಲ್ಲಿದೆ. ಬಳಪದ ಕಲ್ಲು ಅಂದರೆ ಬೇಲೂರು, ಹಳೇಬೀಡಿನ ದೇವಸ್ಥಾನ ಕಟ್ಟಿದ ಮೆದು ಕಲ್ಲಿನ ಜಾತಿಯದು. ಅದರಲ್ಲಿರುವುದು ಮುಖ್ಯವಾಗಿ ಮೆಗ್ನೀಸಿಯಂ ಮತ್ತು ಸಿಲಿಕಾ. ಅಂಗಡಿಯ ಬಳಪವನ್ನು ಯಾವುದರಿಂದ ಮಾಡಿರುತ್ತಾರೋ, ತಿನ್ನಲಂತೂ ಮಾಡಿರುವುದಿಲ್ಲ. ಜೇಡಿಮಣ್ಣು ಊಟದಲ್ಲಿರುವ ಕಬ್ಬಿಣದಂಶವನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳಬಲ್ಲದು, ಆಗ ರಕ್ತಹೀನತೆ ಇನ್ನೂ ಹೆಚ್ಚುತ್ತದೆ, ತಿನ್ನುವ ಆಸೆಯೂ ಹೆಚ್ಚುತ್ತದೆ. ಮಣ್ಣಿನ ಜೊತೆ ಜಂತುಹುಳುವಿನ ಮೊಟ್ಟೆ, ಕೆಲವು ಕಡೆ ಸೀಸವೂ ಹೊಟ್ಟೆಗೆ ಹೋಗುತ್ತದೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ ತಪ್ಪದೆ ನುಂಗಲಿ, ಅದರ ಹಿಂದೆಯೇ ಕಾಫಿ, ಟೀ ಕುಡಿಯದಿರಲಿ. ರಕ್ತ ಏರಿದ ಹಾಗೆ ಹೆಚ್ಚಿನವರಲ್ಲಿ ಬಯಕೆ ತಾನಾಗಿ ಇಳಿಯುತ್ತದೆ.

ಪ್ರಶ್ನೆ: ಮಲೆನಾಡಿನಲ್ಲಿ ಫ್ಲೋರೈಡ್ ಇಲ್ಲ, ಹಾಗಾದರೆ ನಾವು ಕ್ಷೇಮ ಅಲ್ವಾ? ನಾವು ಈಗ ಗುಲಾಬಿ ಬಣ್ಣದ ಕಲ್ಲುಪ್ಪು ಬಳಸುತ್ತೇವೆ. ಹಂದಿಗೋಡು ಕಾಯಿಲೆಯೂ ನೀರಿನಿಂದಲೇ ಬಂದದ್ದಾ? (ಕೊಪ್ಪ)

ಉತ್ತರ: ನಿಮಗೆ ಜಾಸ್ತಿಯ ತೊಂದರೆಯಲ್ಲ, ಕೊರತೆಯ ತೊಂದರೆ. ಜೋರು ಮಳೆ ಸಾವಿರಾರು ವರ್ಷಗಳಿಂದ ಮಣ್ಣಿನ ಅಯೋಡಿನ್ ತೊಳೆದುಕೊಂಡು ಹೋಗಿದೆ. ಚಿಕ್ಕಮಗಳೂರು, ಕೊಡಗಿನಲ್ಲಿ ಗಳಗಂಡ ಹಿಂದಿನಿಂದ ಇದ್ದದ್ದು ಅದಕ್ಕೇ. ಉಪ್ಪಿಗೆ ಅಯೋಡಿನ್ ಬೆರೆಸಿದರೆ ಇದು ಇಳಿಯುತ್ತದೆ ಅಂತ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ವೈದ್ಯ ವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಗುಲಾಬಿ ಉಪ್ಪಿನಲ್ಲಿ, ಸಾದಾ ಕಲ್ಲುಪ್ಪಿನಲ್ಲಿ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ. ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆ ಅಂತ ಬರೆದಿದ್ದರೆ ಮಾತ್ರ ಬಳಸಿ, ಬಸುರಿಯರು, ಮಕ್ಕಳು ಇರುವ ಮನೆಯಲ್ಲಂತೂ ಕಡ್ಡಾಯ. ತೇವಕ್ಕೆ ಅಯೋಡಿನ್ ಹಾರಿಹೋಗುತ್ತದೆ, ಮಳೆಗಾಲದಲ್ಲಿ ಉಪ್ಪಿನ ಭರಣಿ ಮುಚ್ಚಿಡಿ.

ಕೀಲುಗಳು ನೋಯುತ್ತಾ ಕೆಡುವ ಹಂದಿಗೋಡು ಕಾಯಿಲೆ 1970ರ ದಶಕದಲ್ಲಿ ಸಾಗರ ತಾಲ್ಲೂಕಿನಲ್ಲಿ ಬೆಳಕಿಗೆ ಬಂದಾಗ ಗದ್ದೆಗೆ ಹೊಡೆದ ಕೀಟನಾಶಕ, ಏಡಿ ಅಂತೆಲ್ಲಾ ಅನುಮಾನ ಇತ್ತು. ಆಮೇಲಿನ ಅಧ್ಯಯನಗಳಲ್ಲಿ ಅದು ಕುಟುಂಬದಲ್ಲಿ ಹರಿದುಬರುವ ಆನುವಂಶಿಕ ಕಾಯಿಲೆ ಅಂತ ಕಂಡುಬಂತು. ಕೀಲು ನೋವನ್ನೆಲ್ಲಾ ನೀರಿನ ತಲೆಗೆ ಕಟ್ಟಬಾರದು.

ಪ್ರಶ್ನೆ: ಫ್ಲೋರೈಡ್ ಪರೀಕ್ಷೆ ಮಾಡಿಸಿದೆವು, ಸರಿ ಇದೆ ಅಂತ ಬಂತು. ಇನ್ನು ಚಿಂತೆ ಇಲ್ಲವಲ್ಲ? (ಸುರಪುರ)

ಉತ್ತರ: ನಿಮ್ಮ ತಾಲ್ಲೂಕಿನಲ್ಲಿ ಆರ್ಸೆನಿಕ್ ಪರೀಕ್ಷೆಯೂ ಆಗಬೇಕು. ಚಿನ್ನದ ಅದಿರಿರುವ ಕಲ್ಲಿನ ಪಟ್ಟಿಗಳಲ್ಲಿ ಆರ್ಸೆನಿಕ್ ಸೇರಿಕೊಂಡಿರುತ್ತದೆ. ಮಂಗಳೂರು ಚಿನ್ನದ ಗಣಿ ಪ್ರದೇಶದ (ಇದು ಕರಾವಳಿಯ ಮಂಗಳೂರಲ್ಲ, ನಿಮ್ಮ ಕಡೆಯದೇ) ಕಿರದಳ್ಳಿ ತಾಂಡಾದಲ್ಲಿ ಜನ ಚರ್ಮದ ಕಾಯಿಲೆಯಿಂದ ನರಳಿದ್ದು ಇದೇ ಕಾರಣಕ್ಕೆ. ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂಗೈ, ಅಂಗಾಲಿನಲ್ಲಿ ಗಟ್ಟಿ ಗಂಟುಗಳು, ಮೈಮೇಲೆ ಕಪ್ಪು ಬಿಳಿ ಚುಕ್ಕೆ ಕಂಡವರು ಚರ್ಮವೈದ್ಯರಿಗೆ ತೋರಿಸಿ, ಯಾವ ನೀರು ಕುಡಿಯುತ್ತೀರಿ ಅಂತಲೂ ಅವರಿಗೆ ಹೇಳಿ. ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಯುರೇನಿಯಂ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಅಲ್ಲಿನ ಕೆಲವು ಆಳ ಬೋರುಗಳಲ್ಲಿ ಅದು ಮಿತಿ ಮೀರಿದೆ. ಅದರಿಂದ ಮೊದಲು ತೊಂದರೆಯಾಗುವುದು ಮೂತ್ರಪಿಂಡಕ್ಕೆ.

ಪ್ರಶ್ನೆ: ಗ್ರಾನೈಟ್ ಕಟಿಂಗ್ ಕೆಲಸ ಮಾಡುತ್ತೇನೆ. ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತೇನೆ. ಈಚೆಗೆ ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. (ಇಳಕಲ್)

ಉತ್ತರ: ಈ ಪತ್ರ ಓದಿ ನನಗೆ ಆತಂಕವಾಯಿತು. ಗ್ರಾನೈಟಿನಲ್ಲಿ ಸುಮಾರು ಕಾಲು ಭಾಗ ಸ್ಫಟಿಕ ಶಿಲೆ, ಅಂದರೆ ಸಿಲಿಕಾ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲೇ ನಿಲ್ಲುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಗಾಯ ಮಾಡುತ್ತದೆ, ಗಾಯ ಗಟ್ಟಿಯಾಗುತ್ತದೆ. ಅದೇ ಸಿಲಿಕೋಸಿಸ್. ಕೆಜಿಎಫ್ ಗಣಿ ಕಾರ್ಮಿಕರಲ್ಲಿ ಇದು 1930ರ ದಶಕದಲ್ಲೇ ಪತ್ತೆಯಾಗಿತ್ತು. ಟವೆಲ್ ಆ ಧೂಳನ್ನು ತಡೆಯುವುದಿಲ್ಲ.

ಈ ವಾರವೇ ಎದೆಯ ಎಕ್ಸ್‌ರೇ ತೆಗೆಸಿ. ಡಾಕ್ಟರಿಗೆ 'ಕಲ್ಲು ಕಟಿಂಗ್ ಕೆಲಸ, ಇಷ್ಟು ವರ್ಷದಿಂದ' ಅಂತ ಮೊದಲೇ ಹೇಳಿ. ಹೇಳದಿದ್ದರೆ ಎಕ್ಸ್‌ರೇ ನೋಡಿ ಬರೀ ಟಿಬಿ ಅಂದುಕೊಳ್ಳುವ ಸಾಧ್ಯತೆ ಇದೆ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವುದೂ ಹೆಚ್ಚು, ಹಾಗಾಗಿ ಕಫದ ಪರೀಕ್ಷೆಯೂ ಆಗಲಿ. ಬೀಡಿ, ಸಿಗರೇಟ್ ಇದ್ದರೆ ಇವತ್ತೇ ನಿಲ್ಲಿಸಿ. ಬ್ಲೇಡಿನ ಮೇಲೆ ನೀರು ಬಿಟ್ಟು ಕತ್ತರಿಸಿದರೆ ಧೂಳು ಬಹಳ ಕಡಿಮೆಯಾಗುತ್ತದೆ, ಆ ವ್ಯವಸ್ಥೆ ಮಾಡುವುದು ಮಾಲೀಕರ ಕೆಲಸ, ಕೇಳಿ. ಮೂಗಿಗೆ ಎನ್95 ಮಾಸ್ಕ್ ಹಾಕಿ, ಗಡ್ಡ ಇದ್ದರೆ ಅದು ಸರಿಯಾಗಿ ಕೂರುವುದಿಲ್ಲ. ಕೆಲಸದ ಬಟ್ಟೆ ಮನೆಯೊಳಗೆ ತರಬೇಡಿ, ಮಕ್ಕಳಿರುವ ಮನೆ ಅಂತ ಬರೆದಿದ್ದೀರಿ. ಸಿಲಿಕೋಸಿಸ್ ಅಂತ ಖಚಿತವಾದರೆ ಇದು ಕಾನೂನಿನ ಪಟ್ಟಿಯಲ್ಲಿರುವ ವೃತ್ತಿ ಕಾಯಿಲೆ, ಪರಿಹಾರ ಕೇಳುವ ಹಕ್ಕು ನಿಮಗಿದೆ. ಎಕ್ಸ್‌ರೇ, ಚೀಟಿ, ಸಂಬಳದ ದಾಖಲೆ ಯಾವುದನ್ನೂ ಬಿಸಾಡಬೇಡಿ. ವರದಿ ಬಂದ ಮೇಲೆ ನಮಗೆ ಮತ್ತೆ ಬರೆಯಿರಿ.